ಕಾಡಿನ ದಾರಿ ಯಾರ ವಿಹಾರಕ್ಕೆ?

ಶನಿವಾರ ಬೆಳಗಾಯಿತೆಂದರೆ ಚನ್ನಪಟ್ಟಣದಿಂದ ಸಾತನೂರಿನತ್ತ ತಿರುಗುವ ರಸ್ತೆಯಲ್ಲಿ ರಾಜಧಾನಿಯ ಕಾರುಗಳು ಕಾಣಿಸಿಕೊಳ್ಳುತ್ತವೆ. ಕೆಲವು ಮುತ್ತತ್ತಿಗೆ ಇಳಿಯುತ್ತವೆ. ಕನಕಪುರ, ದೊಡ್ಡಆಲಹಳ್ಳಿಯ ಮಾರ್ಗವಾಗಿ ಬಂದವು ಸಂಗಮಕ್ಕೆ ಸಾಗುತ್ತವೆ. ಬೆಟ್ಟದ ತಿರುವುಗಳು, ಹೆಬ್ಬಂಡೆಗಳು, ಬೇಸಿಗೆಯಲ್ಲಿ ಎಲೆಯುದುರಿಸಿ ನಿಂತ ಕುರುಚಲು ಕಾಡು, ಕೊನೆಗೆ ಎದುರಾಗುವ ಕಾವೇರಿ, ಇಷ್ಟನ್ನೂ ಗಾಜಿನ ಹಿಂದೆ ಕುಳಿತು ನೋಡಿ ಸಂಜೆಯೊಳಗೆ ಮನೆ ಸೇರುವುದಕ್ಕೆ ನಿಸರ್ಗಪ್ರೇಮವೆಂಬ ಹೆಸರು ಬಂದಿದೆ. ಈ ಪ್ರೇಮದ ಖರ್ಚನ್ನು ಭರಿಸುವವರು ಯಾರೆಂದು ಕೇಳುವವರು ಮಾತ್ರ ವಿರಳ.

ಈ ದಾರಿಗಳು ಹಾದುಹೋಗುವುದು ಕಾವೇರಿ ವನ್ಯಜೀವಿ ಧಾಮದೊಳಗೆ. 1987ರಲ್ಲಿ ಘೋಷಿತವಾದ ಈ ಧಾಮ 2013ರಲ್ಲಿ ವಿಸ್ತರಣೆಗೊಂಡು ಸಾವಿರ ಚದರ ಕಿಲೋಮೀಟರಿಗೂ ಮೀರಿತು. ಇದು ಮಲೆನಾಡಿನಂತೆ ಸದಾ ತೊಯ್ದ ಕಾಡಲ್ಲ. ಕಮರ, ದಿಂಡಿಗ, ಜಾಲಿಗಳ ಒಣ ಕಾಡು. ಹಳ್ಳಕೊಳ್ಳಗಳು ಬತ್ತಿದ ಮೇಲೆ ಇಲ್ಲಿನ ಆನೆ, ಕಡವೆ, ಕಾಡುಹಂದಿಗಳಿಗೆ ಆಸರೆಯಾಗಿ ಉಳಿಯುವುದು ಮುಖ್ಯವಾಗಿ ನದಿ. ನದಿಯ ದಂಡೆಯ ಹೊಳೆಮತ್ತಿ, ಹುಣಸೆ ಮರಗಳ ಮೇಲೆ ಅಪರೂಪದ ಬೂದುಬಣ್ಣದ ದೊಡ್ಡ ಅಳಿಲು ವಾಸಿಸುತ್ತದೆ. ಕೊಂಬೆಯಿಂದ ಕೊಂಬೆಗೆ ದಾಟಿ ಬದುಕುವ ಈ ಪ್ರಾಣಿಗೆ ಒಂದಕ್ಕೊಂದು ತಾಗಿದ ಮರಗಳ ನೆತ್ತಿಯೇ ರಸ್ತೆ. ಮನುಷ್ಯನ ರಸ್ತೆ ಅಗಲವಾದಲ್ಲಿ ಅಳಿಲಿನ ರಸ್ತೆ ಕಡಿದುಹೋಗುತ್ತದೆ.

ಬಯಲಿನ ರಸ್ತೆಗೂ ಬೆಟ್ಟದ ರಸ್ತೆಗೂ ಒಂದು ವ್ಯತ್ಯಾಸವಿದೆ. ಬಯಲಿನಲ್ಲಿ ಪ್ರಾಣಿಯು ಯಾವ ಕಡೆಗಾದರೂ ಸರಿಯಬಲ್ಲದು. ಬೆಟ್ಟವನ್ನು ಕೊರೆದು ಮಾಡಿದ ದಾರಿಯಲ್ಲಿ ಒಂದು ಬದಿಗೆ ಕಡಿದಾದ ದಿಣ್ಣೆ, ಇನ್ನೊಂದು ಬದಿಗೆ ಇಳಿಜಾರು. ಮರಿಯೊಡನೆ ನೀರಿಗೆ ಇಳಿಯುವ ಆನೆಗೆ ಇಂಥಲ್ಲಿ ಸಾಲುಗಟ್ಟಿದ ಕಾರುಗಳು ಗೋಡೆಯೇ ಸರಿ. ಹಾರ್ನು ಹಾಕಿ, ಕ್ಯಾಮೆರಾ ಹಿಡಿದು, ಕೂಗಿ ಕರೆಯುವವನಿಗೆ ಅದೊಂದು ನೆನಪಿನ ಚಿತ್ರ. ನೀರಿಗೆ ಹೊರಟು ತಡೆಯಲ್ಪಟ್ಟ ಆನೆ ಸುಮ್ಮನೆ ಕಾಡಿಗೇ ಮರಳುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಕಬ್ಬಾಳು, ತೆಂಗಿನಕಲ್ಲು ಕಾಡಿನಂಚಿನ ರೈತನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಗಿ ಹೊಲದಲ್ಲಿ, ಮಾವಿನ ತೋಪಿನಲ್ಲಿ, ತೆಂಗಿನ ತೋಟದಲ್ಲಿ ಆನೆಯನ್ನು ಎದುರಿಸಿ ರಾತ್ರಿಯಿಡೀ ನಿದ್ದೆಗೆಡುವವನು ಅವನೇ. ಆನೆಗಳು ಊರಿಗೆ ಬರುವುದಕ್ಕೆ ಕಾರುಗಳೊಂದೇ ಕಾರಣವೆಂದಲ್ಲ. ಆದರೆ ಕಾಡಿನೊಳಗೆ ನೆಮ್ಮದಿ ಕೆಡಿಸಿದವರು ಹಿಂದಿರುಗಿ ಹೋಗುತ್ತಾರೆ. ಕೆಟ್ಟ ನೆಮ್ಮದಿಯ ಫಲ ಹಳ್ಳಿಯಲ್ಲಿ ಉಳಿಯುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27ನೆಯ ಪ್ರಕರಣವು ಅಭಯಾರಣ್ಯವನ್ನು ಯಾರು ಪ್ರವೇಶಿಸಬಹುದೆಂದು ಹೇಳುತ್ತದೆ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಪರವಾನಗಿ ಪಡೆದವರು, ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು ಮತ್ತು ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು. ಹಾದುಹೋಗುವುದೆಂದರೆ ತಿರುವು ತಿರುವಿನಲ್ಲೂ ವಾಹನ ನಿಲ್ಲಿಸಿ ಊಟದ ಹಾಳೆ ಹರಡುವುದಲ್ಲ, ಬಾಟಲಿ ಒಡೆಯುವುದೂ ಅಲ್ಲ. ಪ್ರಾಣಿಗಳನ್ನು ಕೆಣಕುವುದನ್ನೂ ಕಸ ಎಸೆಯುವುದನ್ನೂ ಅದೇ ಪ್ರಕರಣ ನಿಷೇಧಿಸುತ್ತದೆ. ಹೊಸ ಕಾನೂನು ಬೇಕಾಗಿಲ್ಲ. ಇರುವ ಕಾನೂನಿಗೆ ಕಾವಲು ಬೇಕು.

ರಸ್ತೆಯೆಂಬುದು ಎಲ್ಲರ ಸ್ವತ್ತು, ಅದರಲ್ಲಿ ಒಬ್ಬರನ್ನು ತಡೆಯುವುದು ಅನ್ಯಾಯವೆಂಬ ವಾದವೊಂದಿದೆ. ಈ ವಾದಕ್ಕೆ ಉತ್ತರವು ಚನ್ನಪಟ್ಟಣದ ಮಗ್ಗುಲಲ್ಲೇ ಇದೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಷೇಧಿಸಲಾಯಿತು. ವೇಗದ ವಾಹನಗಳ ನಡುವೆ ಅವು ಅಪಾಯಕ್ಕೆ ಸಿಲುಕುತ್ತವೆಂಬುದು ಕಾರಣ. ಕಾರಿನ ವೇಗಕ್ಕಾಗಿ ರೈತನ ಟ್ರ್ಯಾಕ್ಟರನ್ನು ಪಕ್ಕದ ರಸ್ತೆಗೆ ಇಳಿಸುವುದು ನ್ಯಾಯವಾದರೆ, ಆನೆಯ ನೀರಿಗಾಗಿ ವಿಹಾರದ ಕಾರನ್ನು ಕಾಡಿನಂಚಿನಲ್ಲಿ ನಿಲ್ಲಿಸುವುದು ಹೇಗೆ ಅನ್ಯಾಯವಾದೀತು?

ಪ್ರವಾಸಿಗರಿಲ್ಲದಿದ್ದರೆ ಚಹಾದಂಗಡಿಗಳ, ತೆಪ್ಪದವರ ಗತಿಯೇನೆಂಬ ಪ್ರಶ್ನೆ ಹೆಚ್ಚು ಗಂಭೀರವಾದುದು. ಆದರೆ ಕಾರು ನಿಲ್ಲಿಸುವುದೆಂದರೆ ಜನರನ್ನು ನಿಲ್ಲಿಸುವುದಲ್ಲ. ಸಂಗಮದಲ್ಲಿ ವಾಹನವನ್ನು ಬಿಟ್ಟು, ಅರ್ಕಾವತಿಯನ್ನು ದಾಟಿ, ಬಸ್ಸು ಹತ್ತಿ ಮೇಕೆದಾಟಿಗೆ ಹೋಗುವ ಪದ್ಧತಿಯನ್ನು ಈ ಸೀಮೆಯ ಜನ ಬಹುಕಾಲದಿಂದ ಬಲ್ಲರು. ಅಮೆರಿಕದ ಯೂಟಾ ರಾಜ್ಯದ ಮರುಭೂಮಿ ಸೀಮೆಯಲ್ಲಿರುವ ಜಿಯಾನ್ ರಾಷ್ಟ್ರೀಯ ಉದ್ಯಾನದಲ್ಲಿ, ಕೆಂಪು ಬಂಡೆಗಳ ಕಣಿವೆಯ ಪ್ರಸಿದ್ಧ ವಿಹಾರ ರಸ್ತೆಗೆ 2000ದಿಂದ ಬಸ್ಸುಗಳನ್ನು ಬಿಡಲಾಗಿದೆ. ಬಸ್ಸು ಓಡುವ ತಿಂಗಳುಗಳಲ್ಲಿ ಅಲ್ಲಿ ಖಾಸಗಿ ಕಾರುಗಳಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಕಾರಿನ ಆರಾಧನೆಗೆ ಹೆಸರಾದ ದೇಶವೇ ಇಷ್ಟನ್ನು ಒಪ್ಪಿಕೊಂಡಿದೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧಿಸಲಾಗಿದ್ದು, ಆಂಬುಲೆನ್ಸಿಗೂ ಗೊತ್ತುಪಡಿಸಿದ ಬಸ್ಸುಗಳಿಗೂ ವಿನಾಯಿತಿ ನೀಡಲಾಯಿತು. 2010ರಲ್ಲಿ ಕರ್ನಾಟಕ ಹೈಕೋರ್ಟು ಆ ನಿರ್ಬಂಧವನ್ನು ಎತ್ತಿಹಿಡಿಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಾಡಿಗೆ ಬೇಲಿ ಹಾಕುವ ಮಾತು ಬಂದಾಗಲೆಲ್ಲ ಮೊದಲು ಹೊರಗುಳಿಯುವವನು ಇರುಳಿಗ. ಜೇನಿಗೆ, ಸೌದೆಗೆ, ಗೆಡ್ಡೆಗೆ ಹೋದವನು ಪ್ರಶ್ನೆಗೆ ಗುರಿಯಾಗುತ್ತಾನೆ, ಬಣ್ಣದ ಕಾರು ಸಲೀಸಾಗಿ ಸಾಗುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆ ಮನ್ನಿಸಿದ ಹಕ್ಕುಗಳನ್ನು ಯಾವ ಗೇಟೂ ಕಸಿಯಬಾರದು. ಮುತ್ತೆತ್ತರಾಯನ ಹರಕೆಗೆ ಹೊರಟ ಅಜ್ಜಿ, ಹೆರಿಗೆಗೆ ಹೊರಟ ಹೆಣ್ಣುಮಗಳು, ಶಾಲೆಗೆ ಹೊರಟ ಮಗು, ಇವರಿಗೆ ದಾರಿ ಬೇಕೇ ಬೇಕು. ಅವರಿಗೆ ಇಂದು ಸಾಲದಿರುವುದು ರಸ್ತೆಯ ಅಗಲವಲ್ಲ, ಬಸ್ಸು.

ಆದ್ದರಿಂದ ಬೇಡಿಕೆಗಳು ಸರಳವಾಗಿವೆ. ಧಾಮದೊಳಗಿನ ರಸ್ತೆಗಳನ್ನು ಅಗಲಿಸಕೂಡದು. ವಿಹಾರಕ್ಕೆ ಬರುವ ಕಾರುಗಳು ಧಾಮದ ಗಡಿಯ ಊರುಗಳಲ್ಲೇ ನಿಲ್ಲಬೇಕು. ಅಂಗಡಿ, ಹೋಟೆಲಿನ ವ್ಯಾಪಾರ ಆ ಊರವರಿಗೆ ದಕ್ಕಬೇಕು. ಅಲ್ಲಿಂದ ಮುಂದೆ ಸಾರಿಗೆ ಬಸ್ಸು ಓಡಬೇಕು, ಅದೇ ಬಸ್ಸಿನಲ್ಲಿ ಹಳ್ಳಿಯವರೂ ಭಕ್ತರೂ ಪ್ರವಾಸಿಗರೂ ಕೂರಬೇಕು. ರಾತ್ರಿ ಸ್ಥಳೀಯರಿಗೂ ಆಂಬುಲೆನ್ಸಿಗೂ ಹೊರತು ಉಳಿದ ವಾಹನಗಳಿಗೆ ದಾರಿ ಮುಚ್ಚಬೇಕು.

ಗ್ರಾಮಸಭೆಗಳು ಇದನ್ನು ನಿರ್ಣಯವಾಗಿ ಬರೆದು ಅರಣ್ಯ ಇಲಾಖೆಗೂ ಜಿಲ್ಲಾಧಿಕಾರಿಗಳಿಗೂ ಕಳುಹಿಸಬೇಕು. ಚನ್ನಪಟ್ಟಣ, ಕನಕಪುರದ ಕಾಲೇಜು ವಿದ್ಯಾರ್ಥಿಗಳು ನಾಲ್ಕು ಶನಿವಾರ, ನಾಲ್ಕು ಭಾನುವಾರ ಸಾತನೂರಿನ ಕೂಡುರಸ್ತೆಯಲ್ಲಿ ನಿಂತು ಹೋಗುವ ಕಾರೆಷ್ಟು, ಬಸ್ಸೆಷ್ಟು ಎಂದು ಎಣಿಸಿದರೆ ಆ ನಿರ್ಣಯಕ್ಕೆ ಲಗತ್ತಿಸಲು ಲೆಕ್ಕವೂ ಸಿದ್ಧವಾಗುತ್ತದೆ. ಮುಂದಿನ ಬೇಸಿಗೆಯಲ್ಲಿ ಹಳ್ಳಗಳು ಬತ್ತುವ ಮೊದಲೇ ಆ ಕಾಗದ ಕಚೇರಿಯ ಮೇಜನ್ನು ತಲುಪಬೇಕಾಗಿದೆ.