ಅಜ್ಜನ ಪರ ಮಾತಾಡೋರು ಯಾರು?

ನಮ್ಮೂರು ಶ್ರೀರಂಗಪಟ್ಟಣ. ರಂಗನಾಥನ ಗುಡಿ, ನಿಮಿಷಾಂಬ, ಸಂಗಮ, ಪಶ್ಚಿಮವಾಹಿನಿ... ಪುಣ್ಯ ಹುಡುಕಿಕೊಂಡು ಜನ ಬರ್ತಾರೆ, ಅವರ ಹಿಂದೆಯೇ ಕೈ ಚಾಚೋರೂ ಇರ್ತಾರೆ. ಅಂಥವರಲ್ಲಿ ಒಬ್ಬ ಅಜ್ಜ. ಹಣೆ ತುಂಬ ನಾಮ, ಕೈಯಲ್ಲಿ ತಾಳ, ಬಾಯಲ್ಲಿ ಗೋವಿಂದ. ವರ್ಷಗಳಿಂದ ನೋಡ್ತಿದ್ದೆ. ಒಂದು ದಿನ ಆ ಜಾಗ ಖಾಲಿ. ಹೂವು ಮಾರುವ ಅಕ್ಕ, "ವ್ಯಾನ್ ಬಂದಿತ್ತು ಕಣಪ್ಪ, ಹತ್ತಿಸ್ಕೊಂಡು ಹೋದ್ರು" ಅಂದರು.

ಹುಡುಕಿಕೊಂಡು ಹೋದೆ. ಎಲ್ಲಿಗೆ ಅಂತ ಹೇಳೋದಿಲ್ಲ, ಇದು ಒಂದು ಕಚೇರಿಯ ಮೇಲಿನ ದೂರಲ್ಲ. "ನೀವು ಅವರಿಗೆ ಏನಾಗ್ಬೇಕು?" ಅಂತ ಕೇಳಿದರು. ಏನೂ ಆಗಬೇಕಿಲ್ಲ. ಅಲ್ಲಿಗೆ ಮಾತು ಮುಗೀತು. ಐದು ನಿಮಿಷ ಅಜ್ಜನನ್ನು ನೋಡೋಕೆ ಬಿಟ್ಟರು.

"ಕೋರ್ಟಲ್ಲಿ ಏನಂದ್ರಿ?"

"ಭಿಕ್ಷೆ ಬೇಡ್ತೀಯಾ ಅಂದ್ರು. ಹೂಂ ಸ್ವಾಮಿ ಅಂದೆ."

"ನಿಮ್ಮ ಪರ ಯಾರು ಮಾತಾಡಿದ್ರು?"

"ನನ್ ಪರ ಯಾರವ್ರೆ ಬುದ್ಧಿ?"

ಆವತ್ತಿಂದ ಈ ಮಾತು ತಲೆಯಿಂದ ಹೋಗ್ತಿಲ್ಲ.

ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದ್ದು. ಅದರ ಪ್ರಕಾರ ಭಿಕ್ಷೆ ಬೇಡುವವರನ್ನು ವಾರಂಟ್ ಇಲ್ಲದೆ ಹಿಡಿಯಬಹುದು, ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ವರ್ಷಗಟ್ಟಲೆ 'ಪರಿಹಾರ ಕೇಂದ್ರ'ದಲ್ಲಿ ಇಡಬಹುದು. ಬೀಗ ಹಾಕಿದ ಜಾಗಕ್ಕೆ ಪರಿಹಾರ ಅಂತ ಹೆಸರು! ಇದರ ಖರ್ಚಿಗೆ ನಮ್ಮ ನಿಮ್ಮ ಮನೆ ಕಂದಾಯದ ಮೇಲೆ ನೂರಕ್ಕೆ 3ರಂತೆ ಭಿಕ್ಷುಕರ ಕರ ಕಟ್ತೀವಿ.

ಈಗ ಗಮನಿಸಿ. ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದೆ, ಬೇಡಿ ಬದುಕುವವರಂತೆ ತೋರುವ ಹಾಗೆ ಸಾರ್ವಜನಿಕ ಜಾಗದಲ್ಲಿ ತಿರುಗುವವರೂ ಈ ಕಾಯ್ದೆಯ ಲೆಕ್ಕದಲ್ಲಿ ಭಿಕ್ಷುಕರೇ. ಆದರೆ ಧಾರ್ಮಿಕ ಹರಕೆ ತೀರಿಸಲು ಸಂಪ್ರದಾಯದಂತೆ, ಯಾರಿಗೂ ತೊಂದರೆ ಕೊಡದೆ ಬೇಡುವವರಿಗೆ ವಿನಾಯಿತಿ ಇದೆ. ಶ್ರಾವಣ ಶನಿವಾರ ನಾಮ ಹಾಕಿಕೊಂಡು ಚೊಂಬು ಹಿಡಿದು ಮನೆ ಮನೆಗೆ ಹೋಗೋದು ನಮ್ಮ ಕಡೆ ಎಷ್ಟು ಮನೆಗಳಲ್ಲಿಲ್ಲ ಹೇಳಿ! ನಾವು ಮಾಡಿದರೆ ಹರಕೆ, ಅಜ್ಜ ಮಾಡಿದರೆ ಅಪರಾಧ. ಅಜ್ಜನಿಗೆ ಆ ವಿನಾಯಿತಿ ಸಲ್ಲುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಕೇಳಬೇಕಾದದ್ದು ಒಬ್ಬ ವಕೀಲ. ಕೇಳೋರೇ ಇರಲಿಲ್ಲ ಅನ್ನೋದು ನನ್ನ ತಕರಾರು.

"ಪಾಪ, ಊಟ ಬಟ್ಟೆ ಕೊಡ್ತಾರಲ್ಲ, ಒಳ್ಳೇದಕ್ಕೇ ತಾನೆ, ವಕೀಲ ಯಾಕೆ?" ಅಂತಾರೆ ಸ್ನೇಹಿತರು. ಒಳ್ಳೇದಕ್ಕೇ ಆದರೆ ಬಾಗಿಲು ತೆರೆದಿಡಿ ಸ್ವಾಮಿ, ಬೇಕಾದವರು ಇರ್ತಾರೆ. ಬಾಗಿಲು ಹಾಕಿದ ಮೇಲೆ ಅದು ಬಂಧನವೇ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಸಾಲು ಸಾಲಾಗಿ ಜನ ಸತ್ತರಲ್ಲ, ಅವರನ್ನೂ ಒಳ್ಳೇದಕ್ಕೆ ಅಂತಲೇ ಒಳಗೆ ಹಾಕಿದ್ದು.

ಕಳ್ಳತನ ಮಾಡಿದವನಿಗೆ ವಕೀಲನಿಲ್ಲದಿದ್ದರೆ ಸರ್ಕಾರವೇ ಕೊಡುತ್ತೆ. ಅಜ್ಜನಿಗೂ ಕಾನೂನಿನಲ್ಲಿ ಆ ಹಕ್ಕಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ ಉಚಿತ ಕಾನೂನು ನೆರವು ಸಿಗಬೇಕು. ಆದರೆ ಹಕ್ಕಿದೆ ಅಂತ ಅಜ್ಜನಿಗೆ ಹೇಳೋರು ಯಾರು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನೋಡಿ. ಅದರ 27ನೇ ಕಲಂನಲ್ಲಿ ಮ್ಯಾಜಿಸ್ಟ್ರೇಟರು, ಪೊಲೀಸರು, ಆಸ್ಪತ್ರೆಯ ವೈದ್ಯಾಧಿಕಾರಿ ಇವರೇ ರೋಗಿಗೆ "ನಿನಗೆ ಉಚಿತ ವಕೀಲರ ನೆರವು ಇದೆ" ಅಂತ ತಿಳಿಸಬೇಕು. ಅದು ಎಷ್ಟು ಪಾಲನೆಯಾಗುತ್ತೆ ಅನ್ನೋದು ಬೇರೆ ಮಾತು, ಕರ್ತವ್ಯ ಯಾರದ್ದು ಅಂತ ಬರೆದಾದರೂ ಇದೆ.

2018ರಲ್ಲಿ ದೆಹಲಿ ಹೈಕೋರ್ಟ್ ಅಲ್ಲಿನ ಭಿಕ್ಷಾಟನೆ ಕಾನೂನಿನ ಮುಖ್ಯ ಕಲಂಗಳನ್ನೇ ರದ್ದು ಮಾಡಿತು. ಬಡತನ ಅಪರಾಧವಲ್ಲ ಅನ್ನೋದು ಅದರ ಸಾರ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ಕೇಂದ್ರಗಳಲ್ಲಿ ಇರುವವರಿಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹಕ್ಕುಗಳನ್ನು ತಿಳಿಸಬೇಕು, ವಕೀಲರು ಅಲ್ಲಿಗೆ ಭೇಟಿ ಕೊಡಬೇಕು ಅಂತ ರಾಜ್ಯಗಳಿಗೆ ಹೇಳಿತು. ಸಂತೋಷ. ಆದರೆ ಒಳಗೆ ಹಾಕಿದ ಮೇಲೆ ಬರುವ ವಕೀಲನಿಗಿಂತ, ಹಾಕುವ ಮುಂಚೆ ಪಕ್ಕದಲ್ಲಿ ನಿಲ್ಲುವ ವಕೀಲ ಬೇಕು. "ಭಿಕ್ಷೆ ಬೇಡ್ತೀಯಾ?" ಅಂತ ಕೇಳುವ ಹೊತ್ತಿನಲ್ಲಿ ಅವನಿರಬೇಕು. ಅಜ್ಜನ ಒಂದು 'ಹೂಂ'ಗೆ ವರ್ಷದ ಬೆಲೆ ಇದೆ ಅಂತ ಅಜ್ಜನಿಗೆ ಹೇಗೆ ಗೊತ್ತಾಗಬೇಕು?

ನಾನು ಕೇಳೋದು ದೊಡ್ಡದೇನಲ್ಲ. ವಕೀಲರಿಲ್ಲದೆ ಇಂಥ ಆದೇಶ ಆಗಬಾರದು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಸುದ್ದಿ ಹೋಗದೆ ವ್ಯಾನ್ ಊರು ದಾಟಬಾರದು. ಕಾಯ್ದೆ ಇರಬೇಕೋ ಬೇಡವೋ ಆಮೇಲೆ ಜಗಳ ಆಡೋಣ, ನನ್ನ ಪ್ರಕಾರ ಬೇಡ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಒಂದಿದೆ. ನಿಮ್ಮೂರ ಗುಡಿ ಮುಂದೆ ವ್ಯಾನ್ ನಿಂತಿದ್ದು ಕಂಡರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಒಂದು ಫೋನ್ ಮಾಡಿ. "ನೀವು ಅವರಿಗೆ ಏನಾಗ್ಬೇಕು?" ಅಂತ ಯಾರಾದರೂ ಕೇಳಿದರೆ, ಅವರ ಊರಿನವರು ಅಂತ ಹೇಳಿ. ನಾನು ಆವತ್ತು ಹಾಗೆ ಹೇಳಲಿಲ್ಲ. ಹೇಳಬೇಕಿತ್ತು.