ಅಮಾಸಿ ದಿನದ ಮಾತ್ರೆ

ಹನುಮಸಾಗರದ ಔಷಧಿ ಅಂಗಡಿಯೊಂದರಲ್ಲಿ ಒಮ್ಮೆ ಕೆಮ್ಮಿನ ಔಷಧಿಗೆಂದು ನಿಂತಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಸೆರಗಿನ ಗಂಟು ಬಿಚ್ಚಿ ಬಿ.ಪಿ. ಮಾತ್ರೆಯ ಹಳೆಯ ಕವರು ತೆಗೆದಳು. ಅಕ್ಷರ ಬಾರದವರಿಗೆಂದು ಅಂಗಡಿಯ ಹುಡುಗ ಕವರಿನ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದುಕೊಡುತ್ತಿದ್ದ. ಅಜ್ಜಿಯದು ಚಂದ್ರನ ಕವರು. ತಿಂಗಳು ಮುಗಿದರೂ ಅರ್ಧಕ್ಕರ್ಧ ಮಾತ್ರೆ ಹಾಗೇ ಇದ್ದವು.

‘ಯಾಕಬೇ?’ ಎಂದು ಹುಡುಗ ಕೇಳಿದ.

‘ಚಂದಪ್ಪ ಕಂಡಾಗಷ್ಟ ತಗೊಂಡೇನಿ. ಮೋಡ ಆದಾಗ, ಅಮಾಸಿ ದಿನಾ ಬಿಟ್ಟೇನಿ’ ಅಂದಳು.

ನಮಗೆ ನಗು ಬಂತು. ಮರುಕ್ಷಣ ಹೆದರಿಕೆಯೂ ಆಯಿತು.

ಬರೆದವನ ಚಿತ್ರ ಒಂದು ಹೇಳಿತು, ನೋಡಿದವಳಿಗೆ ಇನ್ನೊಂದು ಕಂಡಿತು. ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಅವರಿಂದಲೇ ಚಿತ್ರ ಬರೆಯಿಸುವುದು ಶಿಕ್ಷಣ ಸಂಶೋಧನೆಯ ಒಂದು ದಾರಿ. 1983ರಲ್ಲಿ ಡೇವಿಡ್ ಚೇಂಬರ್ಸ್ ಎಂಬ ಸಂಶೋಧಕರು, 4,807 ಮಕ್ಕಳು ಬರೆದ ‘ವಿಜ್ಞಾನಿ’ಯ ಚಿತ್ರಗಳ ಅಧ್ಯಯನ ಪ್ರಕಟಿಸಿದರು. ಮಹಿಳಾ ವಿಜ್ಞಾನಿಯನ್ನು ಬರೆದವರು 28 ಮಕ್ಕಳು ಮಾತ್ರ; ಅಷ್ಟೂ ಮಂದಿ ಹುಡುಗಿಯರು!

ಫಾರ್ಮಸಿ ಕಲಿಯುವವರಿಗೂ ಇದು ಸಲ್ಲುತ್ತದೆ. ನಮ್ಮ ದೇಶದಲ್ಲಿ 2008ರಲ್ಲಿ ಆರು ವರ್ಷದ ಫಾರ್ಮ್.ಡಿ. ಪದವಿ ಬಂತು. ರೋಗಿಗೆ ತಿಳಿವಳಿಕೆ ಹೇಳುವುದು ಫಾರ್ಮಸಿಸ್ಟನ ಕರ್ತವ್ಯವೆಂದು 2015ರ ನಿಯಮಾವಳಿ ಹೇಳಿತು. ಪರೀಕ್ಷೆಯಲ್ಲಿ ಕೇಳಿದರೆ ಯಾವ ವಿದ್ಯಾರ್ಥಿಯೂ ಈ ಉತ್ತರವನ್ನು ಬಾಯಿಪಾಠ ಒಪ್ಪಿಸಿಯಾನು. ‘ಫಾರ್ಮಸಿಸ್ಟನ ಕೆಲಸದ ಚಿತ್ರ ಬರಿ’ ಎಂದು ನೋಡಿ. ಕಪಾಟು, ಬಾಟಲಿ, ಬಿಳಿ ಕೋಟು ಬಂದು ರೋಗಿಯೇ ಬಾರದಿದ್ದರೆ, ಪಾಠ ಎಲ್ಲಿ ಸೋತಿದೆ ಎಂದು ಮೇಷ್ಟ್ರಿಗೆ ತಿಳಿಯುತ್ತದೆ. ಸೇರಿದ ದಿನ ಒಂದು, ಓದು ಮುಗಿದಾಗ ಇನ್ನೊಂದು ಬರೆಯಿಸಿ ಪಕ್ಕಪಕ್ಕ ಇಟ್ಟರೆ ಕಲಿತದ್ದು ಎಷ್ಟೆಂದೂ ಕಂಡೀತು.

ಎರಡು ಎಚ್ಚರಿಕೆ ಬೇಕು. ಕೈಚಳಕಕ್ಕೆ ಅಂಕ ಕೊಡಬಾರದು. ಚಿತ್ರದ ಅರ್ಥವನ್ನು ನೋಡುವವರೇ ತೀರ್ಮಾನಿಸದೆ, ಬರೆದವರ ಬಾಯಿಂದಲೇ ಕೇಳಬೇಕು. ಇಲ್ಲದಿದ್ದರೆ ಸಂಶೋಧಕನೂ ಅಮಾಸಿ ದಿನ ಮಾತ್ರೆ ಬಿಟ್ಟಂತೆಯೇ.

ಅಂಗಡಿಯ ಹುಡುಗ ಜಾಣ. ಅಜ್ಜಿಯ ಕೈಗೇ ಪೆನ್ನು ಕೊಟ್ಟು, ‘ನಿನ್ನ ರಾತ್ರಿ ಹೆಂಗಿರತದ, ನೀನ ಬರಿ’ ಅಂದ. ನಾಚಿಕೊಳ್ಳುತ್ತಲೇ ಅವಳು ಒಂದು ದುಂಡನೆಯ ಗೆರೆ ಎಳೆದಳು. ಪಕ್ಕದಲ್ಲಿ ನಾಲ್ಕು ಕಾಲಿನದೇನೋ ಬರೆದಳು.

‘ಇದೇನಬೇ?’

‘ರೊಟ್ಟಿ. ಇದು ಹೊರಸು. ಉಂಡು ಮಲಗೂದು.’

ಹುಡುಗ ರೊಟ್ಟಿಗೂ ಹೊರಸಿಗೂ ನಡುವೆ ಒಂದು ಮಾತ್ರೆ ಬರೆದು ಕವರು ಕೊಟ್ಟ.