ನಮ್ಮ ಕಣ್ಣಿನ ಹಬ್ಬಕ್ಕೆ ಪೆಂಗ್ವಿನ್ ಕಣ್ಣು ಯಾಕೆ?

ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಬೆವರಿಳಿಸಿಕೊಂಡು ಜೂಗೆ ಹೋಗಿ ಬಂದವರು ಒಂದು ಮಾತು ಹೇಳ್ತಾರೆ. "ಅದೇ ಹುಲಿ, ಅದೇ ಆನೆ ಕಣ್ರೀ. ಮುಂಬೈನಲ್ಲಿ ಪೆಂಗ್ವಿನ್ ಇದೆ, ನಮ್ಮಲ್ಲೇಕಿಲ್ಲ?" ನಮ್ಮ ಜೆ.ಪಿ. ನಗರದ ಕಡೆ ಈ ಪ್ರಶ್ನೆ ಕೇಳೋರು ತುಂಬಾ ಜನ.

ಬೇಡ ಸ್ವಾಮಿ. ದಯವಿಟ್ಟು ಬೇಡ.

ಮುಂಬೈ ಕಥೆ ಮೊದಲು ನೋಡೋಣ. 2016ರ ಜುಲೈನಲ್ಲಿ ದಕ್ಷಿಣ ಕೊರಿಯಾದಿಂದ ಬೈಕುಲ್ಲಾ ಜೂಗೆ 8 ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು. ಅಕ್ಟೋಬರ್‌ನಲ್ಲೇ ಒಂದು ಸತ್ತಿತು. 2018ರ ಆಗಸ್ಟ್ 15ಕ್ಕೆ ಮರಿ ಹುಟ್ಟಿತು ಅಂತ ದೇಶವೆಲ್ಲ ಸಂಭ್ರಮಿಸಿತು, ಸುಮಾರು ಒಂದು ವಾರದಲ್ಲಿ ಅದೂ ಹೋಯಿತು. ಆಮೇಲೆ ಹುಟ್ಟಿದ ಮರಿಗಳು ಬದುಕಿದವು, ಅದೂ ನಿಜ. ಹಾಗಾಗಿ ಸಾವಿನ ಲೆಕ್ಕ ಬಿಟ್ಟುಬಿಡಿ. ನನ್ನ ತಕರಾರು ಕಣ್ಣಿನದು.

ಪೆಂಗ್ವಿನ್ ಬದುಕೋದೇ ಕಣ್ಣಿನಿಂದ. ಅದರ ಕಣ್ಣಿನ ಕಾರ್ನಿಯಾ ಚಪ್ಪಟೆ, ಅದಕ್ಕೇ ನೀರಿನೊಳಗೂ ಹೊರಗೂ ಚೆನ್ನಾಗಿ ಕಾಣುತ್ತದೆ. ಆಳದ ಮಬ್ಬು ಬೆಳಕಿನಲ್ಲೂ ಮೀನನ್ನು ನೋಡಿಯೇ ಬೆನ್ನಟ್ಟಿ ಹಿಡಿಯುತ್ತದೆ. ಅಂಥ ಹಕ್ಕಿಯನ್ನು ಗಾಜಿನ ಕೋಣೆಯಲ್ಲಿಟ್ಟರೆ? ಸಾಕಿದ ಪೆಂಗ್ವಿನ್‌ಗಳಲ್ಲಿ ಕಣ್ಣಿನ ಪೊರೆ ಸಾಮಾನ್ಯ ಅಂತ ಜೂ ವೈದ್ಯರೇ ಬರೆದಿದ್ದಾರೆ. ಮ್ಯಾಕರೋನಿ, ರಾಕ್‌ಹಾಪರ್ ಜಾತಿಗಳಲ್ಲಂತೂ ಬಹಳ. ವಯಸ್ಸು, ದೀಪದ ಬೆಳಕು, ಉಪ್ಪಿಲ್ಲದ ನೀರು, ಆಹಾರ, ಹೀಗೆ ಅನುಮಾನಗಳ ಪಟ್ಟಿಯೇ ಇದೆ. ಇನ್ನೊಂದು ವಿಷಯ. ಮೀನು ಕೈಯಿಂದ ಕೊಕ್ಕಿಗೇ ಬರುವಾಗ, ಆ ಹಕ್ಕಿಗೆ ಕಣ್ಣು ಮಂಜಾಗಿದೆ ಅನ್ನೋದು ಟಿಕೆಟ್ ತೆಗೆದುಕೊಂಡು ನಿಂತ ನಮಗೆ ಗೊತ್ತೇ ಆಗಲ್ಲ.

"ಆಪರೇಷನ್ ಮಾಡಿಸಿದರಾಯ್ತಪ್ಪ" ಅಂತೀರಾ? ನಮ್ಮಜ್ಜಿಗೆ ಪೊರೆ ಬಂದರೆ ಜಯನಗರದಲ್ಲಿ ಬೆಳಿಗ್ಗೆ ಆಪರೇಷನ್, ಸಂಜೆ ಮನೆ. ಪೆಂಗ್ವಿನ್‌ಗೆ ಅಷ್ಟು ಸುಲಭ ಅಲ್ಲ. ಸಿಂಗಾಪುರದ ಜುರಾಂಗ್ ಬರ್ಡ್ ಪಾರ್ಕಿನಲ್ಲಿ 6 ಪೆಂಗ್ವಿನ್‌ಗಳ ಪೊರೆ ತೆಗೆದ ಸುದ್ದಿ 2023ರ ಜನವರಿಯಲ್ಲಿ ಬಂತು. ಅವುಗಳಲ್ಲಿ 3 ಕಿಂಗ್ ಪೆಂಗ್ವಿನ್‌ಗಳಿಗೆ ಅಳತೆ ಕೊಟ್ಟು ಜರ್ಮನಿಯಲ್ಲಿ ಮಾಡಿಸಿದ ಲೆನ್ಸ್ ಹಾಕಿದರು. ಉಳಿದ 3 ಹಂಬೋಲ್ಟ್‌ಗಳ ಕಣ್ಣು ಚಿಕ್ಕದು, ಲೆನ್ಸ್ ಕೂರಲಿಲ್ಲ. ಮುಂಬೈಗೆ ಬಂದವೂ ಹಂಬೋಲ್ಟೇ ಅನ್ನೋದು ನೆನಪಿರಲಿ.

"ಜೂನಲ್ಲಿ ಹೆಚ್ಚು ವರ್ಷ ಬದುಕುತ್ತವೆ, ವಯಸ್ಸಾದಮೇಲೆ ಪೊರೆ ಸಹಜ" ಅನ್ನೋ ವಾದವೂ ಇದೆ. ಒಪ್ಪುತ್ತೇನೆ. ಆದರೆ ಮುಪ್ಪನ್ನು ನಾವೇ ತಂದುಕೊಡುವುದಾದರೆ ಅದರ ಆರೈಕೆಯ ವ್ಯವಸ್ಥೆಯೂ ನಮ್ಮಲ್ಲಿರಬೇಕಲ್ವಾ? ಮೊದಲು ಕಣ್ಣಿನ ಡಾಕ್ಟರು, ಆಮೇಲೆ ಪೆಂಗ್ವಿನ್ನು. ನಾವು ಕೇಳೋದು ಉಲ್ಟಾ.

ಕಣ್ಣಿನ ಪಾಠ ಬೇಕಿದ್ದರೆ ಅದಕ್ಕೆ ಮುಂಬೈವರೆಗೆ ಹೋಗಬೇಕಾಗಿಲ್ಲ, ನಮ್ಮ ಬನ್ನೇರುಘಟ್ಟದಲ್ಲೇ ಇದೆ. ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳಿಗಾಗಿ 2005ರಲ್ಲಿ ಅಲ್ಲಿ ರಕ್ಷಣಾ ಕೇಂದ್ರ ಶುರುವಾಯಿತು. ದೇಶದ ಕೊನೆಯ ಕುಣಿಯುವ ಕರಡಿ ಅಂತ ಹೆಸರಾದ ರಾಜು 2009ರ ಡಿಸೆಂಬರ್‌ನಲ್ಲಿ ಬಂದು ಸೇರಿದ್ದೂ ಅಲ್ಲಿಗೇ. ಹೀಗೆ ಬಿಡಿಸಿ ತಂದ ಕರಡಿಗಳಲ್ಲಿ ಎಷ್ಟೋ ಕುರುಡು. ಮರಿಯಿದ್ದಾಗಲೇ ತಾಯಿಯಿಂದ ಕಿತ್ತು ತಂದದ್ದು, ಅರೆಹೊಟ್ಟೆ, ಮೂತಿಗೆ ಕಾಸಿದ ಕಬ್ಬಿಣ, ತಲೆ ಮೇಲೆ ಕೋಲು. 1972ರಲ್ಲೇ ಕಾನೂನು ಬಂದಿದ್ದರೂ ಆಟ ನಿಲ್ಲೋಕೆ ಇಷ್ಟು ವರ್ಷ ಬೇಕಾಯ್ತು. ಯಾಕೆ? ನೋಡೋಕೆ ನಾವು ನಿಲ್ತಿದ್ವಿ, ಚಿಲ್ಲರೆ ಹಾಕ್ತಿದ್ವಿ.

ಜೂ ವೈದ್ಯರು ಕಲಂದರ್‌ಗಳಂತೆ ಕೋಲು ಹಿಡಿದಿಲ್ಲ, ಗೊತ್ತು. ಆದರೆ ನೋಡುವವನ ಚಪಲ ಮಾತ್ರ ಎರಡೂ ಕಡೆ ಒಂದೇ. ಕರಡಿಗಾದರೋ ಮೂಗಿದೆ, ಕಣ್ಣು ಹೋದರೂ ಗೆದ್ದಲಿನ ವಾಸನೆ ಹಿಡಿಯುತ್ತದೆ. ಪೆಂಗ್ವಿನ್‌ಗೆ ಕಣ್ಣು ಹೋದರೆ ಸಮುದ್ರವೇ ಹೋದಂತೆ.

ಮಕ್ಕಳಿಗೆ ಪೆಂಗ್ವಿನ್ ತೋರಿಸಬೇಕಾ? ಒಳ್ಳೇ ಸಾಕ್ಷ್ಯಚಿತ್ರ ಹಾಕಿ. ಜೂಗೆ ಕೊಡೋಕೆ ದುಡ್ಡಿದೆಯಾ? ಇರೋ ಪ್ರಾಣಿಯೊಂದನ್ನು ದತ್ತು ತಗೊಳ್ಳಿ, ಬನ್ನೇರುಘಟ್ಟದಲ್ಲಿ ಆ ಯೋಜನೆ ಇದೆ.

"ಹಾಗಾದ್ರೆ ಜೂನೇ ಮುಚ್ಚಿಬಿಡಿ ಅಂತೀಯಾ?" ಅಂತ ಕೇಳೋರಿಗೆ: ಇಲ್ಲ. ಇರೋವನ್ನು ನೆಟ್ಟಗೆ ನೋಡಿಕೊಳ್ಳೋಣ, ಹೊಸ ಕುರುಡು ತರಿಸೋದು ಬೇಡ, ಅಷ್ಟೇ. ನೀವೇನಂತೀರಿ?